ಗ್ರ್ಯಾಮಿ ಪಾಪ್ ನಾಮಿನೇಷನ್: ಜಗಳ ರುಚಿಯ ಮೇಲೆ, ದೋಷ ಏರ್ಪಾಟಿನಲ್ಲಿ

ಪ್ರತಿ ವರ್ಷ ನವೆಂಬರ್‌ನಲ್ಲಿ ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿಯ ನಾಮಿನೇಷನ್ ಪಟ್ಟಿ ಹೊರಬಿದ್ದ ಅರ್ಧ ಗಂಟೆಯಲ್ಲೇ ಎರಡು ಪ್ರಶ್ನೆ ಏಳುತ್ತವೆ: ಇವರು ಹೇಗೆ ಬಂದರು, ಅವರು ಎಲ್ಲಿ ಹೋದರು? ಪಾಪ್ ಅಭಿಮಾನಿಗಳಲ್ಲಂತೂ ಈ ಜಗಳ ಫೆಬ್ರವರಿಯ ಸಮಾರಂಭ ಮುಗಿಯುವವರೆಗೂ ತಣ್ಣಗಾಗುವುದಿಲ್ಲ. ಜಗಳದಲ್ಲಿ ತಪ್ಪೇನಿಲ್ಲ. ಹಾಡನ್ನು ಪ್ರೀತಿಸುವವರು ಹಾಡಿಗಾಗಿ ವಾದಿಸಲೇಬೇಕು. ಆದರೆ ಬಹುಪಾಲು ವಾದಗಳು ಮತ ಹಾಕುವವರ ರುಚಿಯ ಸುತ್ತಲೇ ಸುತ್ತುತ್ತವೆ. ಒಂದು ಹಾಡು ಆ ರುಚಿಯ ತನಕ ತಲುಪಬೇಕಾದರೆ ಮೊದಲು ದಿನಾಂಕ, ಅರ್ಜಿ, ವಿಭಾಗ ಎಂಬ ಮೂರು ಜರಡಿಗಳನ್ನು ದಾಟಬೇಕು, ಆಮೇಲೆ ಎಣಿಕೆ. ಇಲ್ಲಿ ತೂಗಿ ನೋಡುತ್ತಿರುವುದು ಆ ಏರ್ಪಾಟನ್ನು. 2021ರ ನಂತರ ಅದು ಹಿಂದಿಗಿಂತ ಪ್ರಾಮಾಣಿಕವಾಗಿದೆ. ಹಾಗಿದ್ದೂ ಪಾಪ್‌ನ ಒಂದು ವಿಭಾಗ ತೀರಾ ಕೆಟ್ಟಿದೆ, ಅಂತಿಮ ಎಣಿಕೆಯ ಪದ್ಧತಿಯೂ ಸರಿಯಿಲ್ಲ.

ದಿನಾಂಕದ ಗೊಂದಲ ಬೇಗ ಬಗೆಹರಿಯುವಂಥದ್ದು. ಗ್ರ್ಯಾಮಿಯ ವರ್ಷ ಜನವರಿಗೆ ಶುರುವಾಗುವುದಿಲ್ಲ. 2025ರ ಫೆಬ್ರವರಿ 2ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ 67ನೇ ಸಮಾರಂಭಕ್ಕೆ ಲೆಕ್ಕಕ್ಕೆ ಬಂದದ್ದು 2023ರ ಸೆಪ್ಟೆಂಬರ್ 16ರಿಂದ 2024ರ ಆಗಸ್ಟ್ 30ರೊಳಗೆ ಬಿಡುಗಡೆಯಾದ ಹಾಡುಗಳು. ಅದರ ಮುಂದಿನ ಸುತ್ತಿನ ಗಡಿ 2025ರ ಆಗಸ್ಟ್ 30. ಹಾಗಾಗಿ 2025ರ ಅಕ್ಟೋಬರ್ 3ರಂದು ಬಂದ ಟೇಲರ್ ಸ್ವಿಫ್ಟ್ ಆಲ್ಬಂ ಆ ನವೆಂಬರ್‌ನ ಪಟ್ಟಿಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಅಡೆಲ್ ಅವರ ‘25’ ಆಲ್ಬಂ ಬಂದದ್ದು 2015ರ ನವೆಂಬರ್ 20ರಂದು. ಲೋಕವೆಲ್ಲ ಕೇಳಿ, ಹಾಡಿ, ಹಳೆಯದಾಯಿತು ಅನ್ನುವ ಹೊತ್ತಿಗೆ 2017ರ ಫೆಬ್ರವರಿಯಲ್ಲಿ ಅದಕ್ಕೆ ವರ್ಷದ ಆಲ್ಬಂ ಪ್ರಶಸ್ತಿ ಬಂತು. ಪಟ್ಟಿಯಲ್ಲಿ ಇಷ್ಟದ ಹಾಡು ಕಾಣದಿದ್ದಾಗ ಮೊದಲು ನೋಡಬೇಕಾದದ್ದು ಅದರ ಬಿಡುಗಡೆಯ ತಾರೀಖು.

ಎರಡನೆಯದು ಅರ್ಜಿ. ಗ್ರ್ಯಾಮಿ ಕೊಡುವ ರೆಕಾರ್ಡಿಂಗ್ ಅಕಾಡೆಮಿ ತಾನಾಗಿ ಹಾಡುಗಳನ್ನು ಹುಡುಕಿಕೊಂಡು ಹೋಗುವುದಿಲ್ಲ. ರೆಕಾರ್ಡ್ ಕಂಪನಿಯೋ ಅಕಾಡೆಮಿಯ ಸದಸ್ಯರೋ ಇಂಥ ಹಾಡು, ಇಂಥ ವಿಭಾಗ ಎಂದು ನಮೂದಿಸಿ ಸಲ್ಲಿಸಬೇಕು. ಸಲ್ಲಿಸದಿದ್ದರೆ ಇಲ್ಲ. ಬ್ರೂನೋ ಮಾರ್ಸ್ ಮತ್ತು ಆಂಡರ್ಸನ್ ಪಾಕ್ ಜೋಡಿಯ ಸಿಲ್ಕ್ ಸೋನಿಕ್ ತಮ್ಮ ಆಲ್ಬಂ ಅನ್ನು 2023ರ ಸುತ್ತಿಗೆ ತಾವಾಗಿಯೇ ಸಲ್ಲಿಸಲಿಲ್ಲ. ಅದನ್ನು ‘ಕಡೆಗಣಿಸಿದರು’ ಎಂದು ಬೈದರೆ ಅರ್ಥವಿಲ್ಲ.

ಈ ಹಂತದಲ್ಲಿ ನಮ್ಮಲ್ಲಿ ಮತ್ತೆ ಮತ್ತೆ ಆಗುವ ಒಂದು ತಪ್ಪನ್ನು ಹೇಳಲೇಬೇಕು. ‘ಗ್ರ್ಯಾಮಿ ಪರಿಗಣನೆಗೆ ಆಯ್ಕೆ’ ಎಂಬ ಸುದ್ದಿ ಅಕ್ಟೋಬರ್ ಹೊತ್ತಿಗೆ ಬರುತ್ತದೆ. ಅದರ ಅರ್ಥ ಅರ್ಜಿ ಸ್ವೀಕೃತವಾಗಿ ಮೊದಲ ಸುತ್ತಿನ ಮತಪತ್ರದಲ್ಲಿ ಹೆಸರು ಬಂದಿದೆ ಎಂದಷ್ಟೇ. ಸಲ್ಲಿಸಿದವುಗಳಲ್ಲಿ ನಿಯಮಕ್ಕೆ ಹೊಂದುವ ಪ್ರತಿಯೊಂದು ಧ್ವನಿಮುದ್ರಣವೂ ಆ ಪಟ್ಟಿಯಲ್ಲಿರುತ್ತದೆ. ನಾಮಿನೇಷನ್ ಅನ್ನುವುದು ಅದರಲ್ಲಿ ಹೆಚ್ಚು ಮತ ಪಡೆದು ಮೇಲೆ ಬಂದ ಐದಕ್ಕೋ ಎಂಟಕ್ಕೋ ಮಾತ್ರ. ಬೆಂಗಳೂರಿನ ರಿಕ್ಕಿ ಕೇಜ್ 2015, 2022, 2023ರಲ್ಲಿ ಗೆದ್ದದ್ದು, 2025ರ ನ್ಯೂ ಏಜ್ ವಿಭಾಗದಲ್ಲಿ ಅವರ ಹೆಸರು ಬಂದದ್ದು ನಿಜವಾದ ನಾಮಿನೇಷನ್. (ಆ ವರ್ಷ ಆ ವಿಭಾಗದಲ್ಲಿ ಗೆದ್ದವರು ಚಂದ್ರಿಕಾ ಟಂಡನ್ ಮತ್ತು ಸಂಗಡಿಗರು.) ಪರಿಗಣನೆಯನ್ನೂ ನಾಮಿನೇಷನ್ನನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಗೆದ್ದವರಿಗೆ ಅನ್ಯಾಯ.

ಮೂರನೆಯ ಜರಡಿ ವಿಭಾಗ. ಸಲ್ಲಿಸಿದವರು ರ್‍ಯಾಪ್ ಎಂದು ಬರೆದರೂ ಅಕಾಡೆಮಿಯ ಪರಿಶೀಲನಾ ಸಮಿತಿ ಕೇಳಿ ನೋಡಿ ಪಾಪ್‌ಗೆ ವರ್ಗಾಯಿಸಬಹುದು. ಈ ಸಮಿತಿಯ ಕೆಲಸ ಹಾಡಿನ ಗುಣ ಅಳೆಯುವುದಲ್ಲ, ಅದು ಯಾವ ಗೂಡಿಗೆ ಸೇರಿದ್ದು ಎಂದು ಹೇಳುವುದು. ಕೇಳಲು ಸಣ್ಣ ಕೆಲಸ. ಪರಿಣಾಮ ಮಾತ್ರ ಸಣ್ಣದಲ್ಲ. 2022ರಲ್ಲಿ ನಿಕಿ ಮಿನಾಜ್ ಅವರ ಒಂದು ಹಾಡನ್ನು ರ್‍ಯಾಪ್‌ನಿಂದ ಪಾಪ್‌ಗೆ ಸರಿಸಿದರು. ಅವರು ಬಹಿರಂಗವಾಗಿಯೇ ಪ್ರತಿಭಟಿಸಿದರು, ಕೊನೆಗೆ ಆ ಹಾಡಿಗೆ ನಾಮಿನೇಷನ್ನೇ ಬರಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು ಜಸ್ಟಿನ್ ಬೀಬರ್, ತಾನು ಮಾಡಿದ್ದು ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಆಲ್ಬಂ, ಅದನ್ನು ಪಾಪ್‌ನಲ್ಲಿ ಯಾಕೆ ಇಟ್ಟಿರಿ ಎಂದು ಕೇಳಿದ್ದರು. ಪಾಪ್ ವಿಭಾಗಕ್ಕೆ ಬಿದ್ದ ಹಾಡು ಆ ವರ್ಷದ ಅತಿ ದೊಡ್ಡ ಹೆಸರುಗಳ ಎದುರು ನಿಲ್ಲಬೇಕಾಗುತ್ತದೆ. ಹಾಗಾಗಿ ಪಾಪ್‌ಗೆ ವರ್ಗ ಆಯಿತು ಎಂದರೆ ಹಾಡಿನ ಹಾದಿ ಕಡಿದಾಯಿತು ಎಂದೇ ಅರ್ಥ. ಸಮಿತಿ ತನ್ನ ತೀರ್ಮಾನದ ಕಾರಣವನ್ನು ಒಂದು ಸಾಲಿನಲ್ಲಾದರೂ ಪ್ರಕಟಿಸಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು.

ಹೊಸ ಕಲಾವಿದ ಪ್ರಶಸ್ತಿಯ ಗೊಂದಲವೂ ಈ ಗೂಡಿನ ಲೆಕ್ಕದ್ದೇ. 2025ರ ಸುತ್ತಿನಲ್ಲಿ ಸಬ್ರಿನಾ ಕಾರ್ಪೆಂಟರ್ ತಮ್ಮ ಆರನೆಯ ಆಲ್ಬಂ ಬಂದ ವರ್ಷ ‘ಹೊಸ ಕಲಾವಿದೆ’ಯಾಗಿ ನಾಮಿನೇಟ್ ಆದರು. ಸುಮಾರು 2010ರಿಂದ ನುಡಿಸುತ್ತಿರುವ ಕ್ರುವಾಂಗ್‌ಬಿನ್ ತಂಡವೂ ಅದೇ ಪಟ್ಟಿಯಲ್ಲಿತ್ತು. ಇಲ್ಲಿ ‘ಹೊಸ’ ಅಂದರೆ ಮೊದಲ ಆಲ್ಬಂ ಎಂದಲ್ಲ. ಈ ಅವಧಿಯಲ್ಲಿ ಜನರ ಗಮನಕ್ಕೆ ಎದ್ದು ಬಂದವರು ಎಂದು. ನಿಯಮ ಸರಿಯಾಗಿಯೇ ಇದೆ, ಹೆಸರು ತಪ್ಪು. ಹೆಸರು ಬದಲಿಸಿದರೆ ಸಾಕು.

ಈಗ ಮತದಾನಕ್ಕೆ ಬರೋಣ. 2025ರ ಸುತ್ತಿನ ಹೊತ್ತಿಗೆ ಮತದಾರರು ಸುಮಾರು 13 ಸಾವಿರ ಮಂದಿ: ಗಾಯಕರು, ವಾದ್ಯಗಾರರು, ಹಾಡು ಬರೆಯುವವರು, ನಿರ್ಮಾಪಕರು, ಧ್ವನಿಮುದ್ರಣದ ಎಂಜಿನಿಯರ್‌ಗಳು. ಅಭಿಮಾನಿಗಳಿಗೆ ಮತವಿಲ್ಲ. ಸ್ಟ್ರೀಮಿಂಗ್ ಸಂಖ್ಯೆಗೂ ಚಾರ್ಟ್ ಸ್ಥಾನಕ್ಕೂ ನೇರ ಬೆಲೆಯಿಲ್ಲ. ಒಬ್ಬ ಸದಸ್ಯರಿಗೆ ಜನರಲ್ ಫೀಲ್ಡ್ ಎಂಬ ಆರು ದೊಡ್ಡ ಪ್ರಶಸ್ತಿಗಳಲ್ಲಿ ಮತವಿದೆ. ಅದರಾಚೆಗೆ ಹೆಚ್ಚೆಂದರೆ ಮೂರು ಪ್ರಕಾರಗಳೊಳಗಿನ 10 ವಿಭಾಗಗಳು. ಹಿಂದೆ ಇದು 15 ಇತ್ತು, 2021ರಲ್ಲಿ ಇಳಿಸಿದರು. ಒಳ್ಳೆಯ ಕೆಲಸ: ಜಾಸ್ ಗೊತ್ತಿಲ್ಲದವರು ಜಾಸ್‌ನಲ್ಲಿ ಹೆಸರು ನೋಡಿ ಮತ ಒತ್ತುವುದು ಇದರಿಂದ ಕಡಿಮೆಯಾಗುತ್ತದೆ.

ಅದೇ 2021ರಲ್ಲಿ ಇನ್ನೂ ದೊಡ್ಡ ಸುಧಾರಣೆ ಆಯಿತು. ಅಲ್ಲಿಯವರೆಗೆ ದೊಡ್ಡ ನಾಲ್ಕು ಪ್ರಶಸ್ತಿಗಳೂ (ವರ್ಷದ ರೆಕಾರ್ಡ್, ವರ್ಷದ ಆಲ್ಬಂ, ವರ್ಷದ ಸಾಂಗ್, ಹೊಸ ಕಲಾವಿದ) ಸೇರಿ ಹಲವು ವಿಭಾಗಗಳಲ್ಲಿ ಸದಸ್ಯರ ಮತದಿಂದ ಮೇಲೆ ಬಂದ ಹೆಸರುಗಳನ್ನು ಒಂದು ಗುಪ್ತ ಸಮಿತಿ ಮತ್ತೆ ಸೋಸಿ ಅಂತಿಮ ಪಟ್ಟಿ ಮಾಡುತ್ತಿತ್ತು. ಸಮಿತಿಯಲ್ಲಿ ಯಾರಿದ್ದಾರೆ ಎಂಬುದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. 2020ರ ನವೆಂಬರ್ 24ರಂದು ಬಂದ ಪಟ್ಟಿಯಲ್ಲಿ ಗಾಯಕ ದಿ ವೀಕೆಂಡ್ ಹೆಸರು ಒಂದೇ ಒಂದು ಕಡೆಯೂ ಇರಲಿಲ್ಲ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆ ವರ್ಷದ ನಂಬರ್ ಒನ್ ಹಾಡು ಅವರದ್ದೇ ಆಗಿತ್ತು. ಇನ್ನು ಮುಂದೆ ತಮ್ಮ ಹಾಡು ಗ್ರ್ಯಾಮಿಗೆ ಸಲ್ಲಿಸಲು ಬಿಡುವುದಿಲ್ಲ ಎಂದು ಅವರು ಹೇಳಿದರು, ಅಭಿಮಾನಿಗಳು ಬಿಡಲಿಲ್ಲ, ಕೆಲವೇ ತಿಂಗಳಲ್ಲಿ ಆ ಗುಪ್ತ ಸಮಿತಿಗಳನ್ನು ಅಕಾಡೆಮಿ ರದ್ದು ಮಾಡಿತು. ಅಭಿಮಾನಿಗಳ ವಾದದಿಂದ ಏನೂ ಆಗುವುದಿಲ್ಲ ಅನ್ನುವವರಿಗೆ ಇದೇ ಉತ್ತರ. 2025ರ ಫೆಬ್ರವರಿಯಲ್ಲಿ ದಿ ವೀಕೆಂಡ್ ಮತ್ತೆ ಅದೇ ವೇದಿಕೆಗೆ ಬಂದು ಹಾಡಿದರು.

ಪಾಪ್ ಅಭಿಮಾನಿಗಳು ನಿಜವಾಗಿ ಗುರಿ ಇಡಬೇಕಾದ ಜಾಗ ಬೇರೆ ಇದೆ. ಅದು ‘ಬೆಸ್ಟ್ ಪಾಪ್ ಡುಯೊ/ಗ್ರೂಪ್ ಪರ್ಫಾರ್ಮೆನ್ಸ್’ ಎಂಬ ವಿಭಾಗ.

2011ರಲ್ಲಿ ಅಕಾಡೆಮಿ 109 ವಿಭಾಗಗಳನ್ನು 78ಕ್ಕೆ ಇಳಿಸಿತು. ಪಾಪ್‌ನಲ್ಲಿ ಗಾಯಕ, ಗಾಯಕಿ ಎಂದು ಬೇರೆ ಬೇರೆ ಇದ್ದದ್ದು ಒಂದಾಯಿತು. ತಂಡದವರಿಗೆ ಒಂದು, ಬೇರೆ ಬೇರೆ ಕಲಾವಿದರು ಒಂದು ಹಾಡಿಗಾಗಿ ಕೂಡಿದರೆ ಇನ್ನೊಂದು ಎಂದು ಇದ್ದ ಎರಡು ಪ್ರಶಸ್ತಿಗಳೂ ಒಂದಾದವು. ಮೊದಲನೆಯ ವಿಲೀನದಿಂದ ಹೆಣ್ಣುಮಕ್ಕಳಿಗೆ ಪೆಟ್ಟಾಗುತ್ತದೆ ಎಂಬ ಭಯವಿತ್ತು. 2018ರಲ್ಲಿ ನಾಲ್ವರು ಗಾಯಕಿಯರ ನಡುವೆ ಇದ್ದ ಒಬ್ಬನೇ ಗಾಯಕ ಎಡ್ ಶೀರನ್ ಗೆದ್ದಾಗ ಆ ಭಯ ನಿಜವೇ ಅನ್ನಿಸಿತು. ಆದರೆ 2024 ಮತ್ತು 2025, ಎರಡೂ ವರ್ಷ ಆ ವಿಭಾಗದ ಐದಕ್ಕೆ ಐದು ನಾಮಿನೇಷನ್ ಗಾಯಕಿಯರದ್ದೇ. ಗೆದ್ದವರು ಮೈಲಿ ಸೈರಸ್ ಮತ್ತು ಸಬ್ರಿನಾ ಕಾರ್ಪೆಂಟರ್. ಅಲ್ಲಿ ಏರ್ಪಾಟು ನೆಟ್ಟಗಿದೆ.

ಎರಡನೆಯ ವಿಲೀನ ಮಾತ್ರ ಹಾಳು. 2012ರಿಂದ 2025ರವರೆಗೆ ಕೊಟ್ಟ 14 ಪ್ರಶಸ್ತಿಗಳನ್ನು ಒಂದೊಂದಾಗಿ ತೆಗೆದು ನೋಡಿ. ಹೊರಗಿನ ಅತಿಥಿ ಇಲ್ಲದೆ ತಾನೇ ತಾನಾಗಿ ಗೆದ್ದ ಕಾಯಂ ತಂಡಗಳು ಎರಡೇ ಎರಡು: 2017ರಲ್ಲಿ ಟ್ವೆಂಟಿ ಒನ್ ಪೈಲಟ್ಸ್, 2018ರಲ್ಲಿ ಪೋರ್ಚುಗಲ್ ದಿ ಮ್ಯಾನ್. ಉಳಿದ 12 ಹೋದದ್ದು ಆ ಒಂದು ಹಾಡಿಗಾಗಿ ಕೂಡಿದವರಿಗೆ. ಲೇಡಿ ಗಾಗಾ ಒಬ್ಬರೇ ಮೂವರು ಬೇರೆ ಬೇರೆ ಜೊತೆಗಾರರೊಂದಿಗೆ ಮೂರು ಸಲ ಗೆದ್ದಿದ್ದಾರೆ: ಬ್ರಾಡ್ಲಿ ಕೂಪರ್, ಅರಿಯಾನಾ ಗ್ರಾಂಡೆ, ಬ್ರೂನೋ ಮಾರ್ಸ್. 2025ರ ಪಟ್ಟಿಯಲ್ಲಂತೂ ತಂಡ ಅನ್ನುವುದೇ ಇರಲಿಲ್ಲ. ಐದೂ ಕೂಡಿಕೆಯ ಹಾಡುಗಳು: ಗಾಗಾ–ಬ್ರೂನೋ, ಬಿಯಾನ್ಸೆ–ಪೋಸ್ಟ್ ಮಲೋನ್, ಚಾರ್ಲಿ ಎಕ್ಸ್‌ಸಿಎಕ್ಸ್–ಬಿಲ್ಲಿ ಐಲಿಶ್, ಅರಿಯಾನಾ–ಬ್ರಾಂಡಿ–ಮೋನಿಕಾ, ಗ್ರೇಸಿ ಏಬ್ರಮ್ಸ್–ಟೇಲರ್ ಸ್ವಿಫ್ಟ್. ವಿಭಾಗದ ಹೆಸರಿನಲ್ಲಿ ‘ಗ್ರೂಪ್’ ಇದೆ, ಪಟ್ಟಿಯಲ್ಲಿ ಗ್ರೂಪ್ ಇಲ್ಲ.

ಹೀಗಾಗಲು ಕಾರಣ ಸರಳ. ಇಬ್ಬರು ದೊಡ್ಡ ತಾರೆಯರು ಸೇರಿ ಹಾಡಿದರೆ ಇಬ್ಬರ ಕಡೆಯ ಮತಗಳೂ ಒಂದೇ ಹಾಡಿಗೆ ಬೀಳುತ್ತವೆ. ವರ್ಷಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಿದ ತಂಡಕ್ಕೆ ತನ್ನ ಕಡೆಯವರ ಮತ ಮಾತ್ರ. ದಕ್ಷಿಣ ಕೊರಿಯಾದ ತಂಡ ಬಿಟಿಎಸ್‌ನ ಅಭಿಮಾನಿಗಳ ದೂರನ್ನು ಈ ಬೆಳಕಿನಲ್ಲಿ ನೋಡಬೇಕು. ಬೆಂಗಳೂರಿನಿಂದ ಸೋಲ್‌ವರೆಗೆ ಅವರು ಹೇಳುವುದು, ಏಷ್ಯಾದವರು ಎಂದು ಕೊಡಲಿಲ್ಲ ಎಂದು. ಮತಪೆಟ್ಟಿಗೆಯೊಳಗಿನ ಮನಸ್ಸನ್ನು ಓದಲು ಯಾರಿಗೂ ಆಗದು. ಆದರೆ ದಾಖಲೆ ಕಣ್ಣೆದುರಿಗಿದೆ: 2021, 2022, 2023, ಮೂರು ವರ್ಷ ಬಿಟಿಎಸ್ ಈ ವಿಭಾಗದಲ್ಲಿ ಸ್ಪರ್ಧಿಸಿತು (ಮೂರನೆಯ ಸಲ ಕೋಲ್ಡ್‌ಪ್ಲೇ ಜೊತೆ). ಮೂರೂ ಸಲ ಗೆದ್ದದ್ದು ಇಬ್ಬಿಬ್ಬರು ಕಲಾವಿದರ ಜೋಡಿ: ಗಾಗಾ–ಅರಿಯಾನಾ, ಡೋಜಾ ಕ್ಯಾಟ್–ಸಿಜಾ, ಸ್ಯಾಮ್ ಸ್ಮಿತ್–ಕಿಮ್ ಪೆಟ್ರಾಸ್. ತಂಡಗಳಿಗೆ ಪ್ರತ್ಯೇಕ ವಿಭಾಗ ಉಳಿದಿದ್ದರೆ ಮೊದಲ ಎರಡು ಸಲದ ವಿಜೇತರು ಬಿಟಿಎಸ್ ಎದುರಿಗೆ ಬರುತ್ತಲೇ ಇರಲಿಲ್ಲ. ಪರಿಹಾರವೂ ಕಷ್ಟದ್ದಲ್ಲ. ಒಂದನ್ನು ಮತ್ತೆ ಎರಡು ಮಾಡಬೇಕು. 78ಕ್ಕೆ ಇಳಿದಿದ್ದ ವಿಭಾಗಗಳು 2025ಕ್ಕೆ 94 ಆಗಿದ್ದವು. ಪಾಪ್ ಡ್ಯಾನ್ಸ್‌ಗೆ, ಆಫ್ರಿಕದ ಸಂಗೀತಕ್ಕೆ 2024ರಲ್ಲಿ ಜಾಗ ಮಾಡಿಕೊಟ್ಟವರು, 2026ಕ್ಕೆ ಕಂಟ್ರಿ ಆಲ್ಬಂ ಅನ್ನು ಸಾಂಪ್ರದಾಯಿಕ, ಸಮಕಾಲೀನ ಎಂದು ಎರಡಾಗಿಸಿದವರು, ಪಾಪ್ ತಂಡಗಳಿಗೆ ಒಂದು ಸಾಲು ಬಿಟ್ಟುಕೊಡಲಾರರೇ?

ವಿಲೀನ ಎಲ್ಲ ಕಡೆ ಒಂದೇ ಫಲ ಕೊಡುವುದಿಲ್ಲ ಎಂಬುದಕ್ಕೆ ಬ್ರಿಟನ್ನಿನ ಬ್ರಿಟ್ ಅವಾರ್ಡ್ಸ್ ಒಳ್ಳೆಯ ಉದಾಹರಣೆ. ಅಲ್ಲಿ 2022ರಲ್ಲಿ ಗಂಡು, ಹೆಣ್ಣು ಪ್ರಶಸ್ತಿಗಳನ್ನು ಸೇರಿಸಿ ‘ವರ್ಷದ ಕಲಾವಿದ’ ಎಂಬ ಒಂದೇ ಪ್ರಶಸ್ತಿ ಮಾಡಿದರು. ಮೊದಲ ವರ್ಷ ಅಡೆಲ್ ಗೆದ್ದರು, ಎಲ್ಲರಿಗೂ ಸಮಾಧಾನ. 2023ರಲ್ಲಿ ಐದೂ ಹೆಸರು ಗಂಡಸರದ್ದೇ: ಹ್ಯಾರಿ ಸ್ಟೈಲ್ಸ್, ಸ್ಟಾರ್ಮ್‌ಜಿ, ಸೆಂಟ್ರಲ್ ಸೀ, ಜಾರ್ಜ್ ಎಜ್ರಾ, ಫ್ರೆಡ್ ಅಗೇನ್. ಆ ಅವಧಿಯಲ್ಲಿ ಅರ್ಹತೆ ಪಡೆದವರಲ್ಲೇ ಹೆಣ್ಣುಮಕ್ಕಳು ಕಡಿಮೆ ಇದ್ದರು. ಅಂದರೆ ಅಲ್ಲಿ ಸೋಸಿದ್ದು ಮತಪತ್ರಕ್ಕಿಂತ ಮೊದಲಿನ ಜರಡಿ. 2024ಕ್ಕೆ ನಾಮಿನೇಷನ್ ಸಂಖ್ಯೆಯನ್ನು 5ರಿಂದ 10ಕ್ಕೆ ಏರಿಸಿದರು, ಪಾಪ್ ಮತ್ತು ಆರ್ ಅಂಡ್ ಬಿ ಒಂದೇ ಗೂಡಿನಲ್ಲಿದ್ದದ್ದನ್ನು ಬೇರೆ ಮಾಡಿದರು. ಆ ವರ್ಷ ಗಾಯಕಿ ರೇ ಒಬ್ಬರೇ ಆರು ಪ್ರಶಸ್ತಿ ಪಡೆದು ದಾಖಲೆ ಬರೆದರು. ತಪ್ಪು ಕಂಡ ಮರುವರ್ಷವೇ ಕೈ ಹಚ್ಚಿದ ಬ್ರಿಟ್ಸ್‌ಗೆ ಈ ವಿಷಯದಲ್ಲಿ ಗ್ರ್ಯಾಮಿಗಿಂತ ಹೆಚ್ಚು ಅಂಕ ಕೊಡುತ್ತೇನೆ.

ಸಂಖ್ಯೆ ಏರಿಸುವುದರಲ್ಲೂ ಒಂದು ಅಪಾಯವಿದೆ. ಗ್ರ್ಯಾಮಿ ಅದನ್ನು ಅನುಭವಿಸಿದೆ. ದೊಡ್ಡ ನಾಲ್ಕು ಪ್ರಶಸ್ತಿಗಳಿಗೆ ಮೊದಲು 5 ಹೆಸರು ಇರುತ್ತಿದ್ದವು, 2019ಕ್ಕೆ 8 ಆದವು, 2022ಕ್ಕೆ 10, ಮತ್ತೆ 2024ಕ್ಕೆ 8. (10ಕ್ಕೆ ಏರಿಸುವ ತೀರ್ಮಾನ ಆದದ್ದು ಪಟ್ಟಿ ಹೊರಬೀಳುವ ಹಿಂದಿನ ದಿನ! ಆಟ ಶುರುವಾದ ಮೇಲೆ ಗೆರೆ ಬದಲಿಸಿದಂತೆ.) ಅಂತಿಮ ಸುತ್ತಿನಲ್ಲಿ ಒಬ್ಬರಿಗೆ ಒಂದೇ ಮತ, ಯಾರಿಗೆ ಹೆಚ್ಚೋ ಅವರು ಗೆದ್ದಂತೆ. ಅರ್ಧಕ್ಕಿಂತ ಹೆಚ್ಚು ಮತ ಬರಬೇಕೆಂದಿಲ್ಲ. ಒಂದು ಲೆಕ್ಕ ಹಾಕಿ ನೋಡಿ. ಸಾವಿರ ಮತ ಬಿದ್ದಿವೆ ಎಂದುಕೊಳ್ಳಿ. ಐವರು ಕಣದಲ್ಲಿದ್ದರೆ ಮತ ಸಮನಾಗಿ ಹಂಚಿಹೋದಾಗ 201 ಮತಕ್ಕೇ ಗೆಲ್ಲಬಹುದು. ಎಂಟು ಮಂದಿ ಇದ್ದರೆ 126 ಸಾಕು. ಹತ್ತು ಮಂದಿ ಇದ್ದರೆ 101. ಅಂದರೆ ಸಾವಿರದಲ್ಲಿ 899 ಜನ ಬೇರೆಯವರನ್ನು ಬಯಸಿದ್ದರೂ ಒಬ್ಬರು ‘ವರ್ಷದ ಆಲ್ಬಂ’ ಹಿಡಿದು ನಿಲ್ಲಬಹುದು. ಪ್ರತಿ ವರ್ಷ ಹೀಗೇ ಆಗುತ್ತದೆ ಎಂದಲ್ಲ, ಆಗಲು ಬಾಗಿಲು ತೆರೆದಿದೆ ಎಂದು.

ಈ ಪದ್ಧತಿಯಲ್ಲಿ ಒಂದೇ ಬಗೆಯ ಪಾಪ್ ತಾರೆಯರು ನಾಲ್ಕೈದು ಮಂದಿ ಇದ್ದಾಗ ಅವರ ಮತ ಅವರವರಲ್ಲೇ ಒಡೆಯುತ್ತದೆ. ಸಂಗೀತಗಾರರ ವಲಯದಲ್ಲಿ ಎಲ್ಲ ಕಡೆ ಪರಿಚಯವಿರುವ ಒಬ್ಬರು ಸದ್ದಿಲ್ಲದೆ ಮೇಲೆ ಬರುತ್ತಾರೆ. 2022ರಲ್ಲಿ ಜಾನ್ ಬಟಿಸ್ಟ್ 11 ನಾಮಿನೇಷನ್ ಪಡೆದು ವರ್ಷದ ಆಲ್ಬಂ ಗೆದ್ದಾಗ ಪಾಪ್ ಅಭಿಮಾನಿಗಳು ಬೆರಗಾದರು. ಆ 11 ಯಾವ ಯಾವ ವಿಭಾಗದಲ್ಲಿದ್ದವು ಎಂದು ನೋಡಿದವರಿಗೆ ಬೆರಗು ಆಗಬೇಕಿರಲಿಲ್ಲ: ಆರ್ ಅಂಡ್ ಬಿ, ಜಾಸ್, ಅಮೆರಿಕನ್ ರೂಟ್ಸ್, ಕ್ಲಾಸಿಕಲ್, ಸಿನಿಮಾ ಸಂಗೀತ. ಇಷ್ಟು ಕಡೆಯ ಮತದಾರರಿಗೆ ಅವರ ಕೆಲಸ ಗೊತ್ತಿತ್ತು. ಜೇಕಬ್ ಕಾಲಿಯರ್ 2025ರಲ್ಲಿ ಬಿಯಾನ್ಸೆ, ಟೇಲರ್, ಬಿಲ್ಲಿಯರ ಸಾಲಿನಲ್ಲಿ ವರ್ಷದ ಆಲ್ಬಂ ಪಟ್ಟಿಗೆ ಬಂದದ್ದೂ ಹೀಗೇ ಅನ್ನಿಸುತ್ತದೆ. ಚಾರ್ಟಿನಲ್ಲಿ ಅವರ ಹೆಸರು ಸಣ್ಣದು, ವಾದ್ಯಗಾರರ ನಡುವೆ ದೊಡ್ಡದು. ಇಬ್ಬರೂ ಯೋಗ್ಯರೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಯೋಗ್ಯರು ಗೆದ್ದದ್ದು ಎಲ್ಲರಿಗೂ ಒಪ್ಪಿಗೆಯಾಗಬೇಕಾದರೆ ಆಸ್ಕರ್‌ನ ಅತ್ಯುತ್ತಮ ಚಿತ್ರಕ್ಕೆ ಮಾಡುವಂತೆ ಮೊದಲ ಆಯ್ಕೆ, ಎರಡನೆಯ ಆಯ್ಕೆ ಎಂದು ಕ್ರಮವಾಗಿ ಗುರುತು ಹಾಕಿಸಿ, ಕೆಳಗಿನವರನ್ನು ಒಬ್ಬೊಬ್ಬರಾಗಿ ಕೈಬಿಡುತ್ತ ಎಣಿಸಬೇಕು. ಎಂಟು ಹೆಸರಿನ ಕಣಕ್ಕೆ ಅದೇ ಸರಿಯಾದ ಎಣಿಕೆ. ಮತ ಎಣಿಸುವುದು ಲೆಕ್ಕಪರಿಶೋಧನಾ ಸಂಸ್ಥೆ ಡೆಲಾಯ್ಟ್, ಆ ಕೆಲಸ ಅವರಿಗೆ ಭಾರವಲ್ಲ. ಸಮಾರಂಭ ಮುಗಿದ ಮೇಲಾದರೂ ಯಾರಿಗೆ ಎಷ್ಟು ಮತ ಎಂದು ಪ್ರಕಟಿಸಬೇಕು. ಈಗ ಅದು ಹೊರಗೆ ಬರುವುದೇ ಇಲ್ಲ. ಅಂಕಿ ಇಲ್ಲದ ಕಡೆ ಗುಮಾನಿ ಬೆಳೆಯುವುದು ಸಹಜ.

ವಾದಕ್ಕಿಳಿಯುವ ಮೊದಲು ತಿಳಿದಿರಬೇಕಾದ ಇನ್ನೊಂದು ವಿಷಯ ‘ರೆಕಾರ್ಡ್ ಆಫ್ ದಿ ಇಯರ್’, ‘ಸಾಂಗ್ ಆಫ್ ದಿ ಇಯರ್’ ನಡುವಿನ ಅಂತರ. ನಮ್ಮ ಭಾವಗೀತೆಯ ಕ್ಯಾಸೆಟ್ ಮೇಲೆ ಸಾಹಿತ್ಯ, ಸಂಗೀತ, ಗಾಯನ ಎಂದು ಬೇರೆ ಬೇರೆ ಸಾಲು ಇರುತ್ತಿತ್ತಲ್ಲ, ಹಾಗೆ. ‘ಸಾಂಗ್’ ಪ್ರಶಸ್ತಿ ಸಾಹಿತ್ಯ ಮತ್ತು ರಾಗ ಕಟ್ಟಿದವರಿಗೆ. ಹಾಡಿದವರು ಬರೆಯುವುದರಲ್ಲಿ ಕೈಜೋಡಿಸಿರದಿದ್ದರೆ ಅವರಿಗೆ ಇಲ್ಲ. ‘ರೆಕಾರ್ಡ್’ ಪ್ರಶಸ್ತಿ ಧ್ವನಿಮುದ್ರಣಕ್ಕೆ: ಹಾಡಿದವರು, ನಿರ್ಮಾಪಕರು, ಎಂಜಿನಿಯರ್, ಮಿಕ್ಸ್ ಮತ್ತು ಮಾಸ್ಟರಿಂಗ್ ಮಾಡಿದವರು. 2024ರಲ್ಲಿ ‘ಸಾಂಗ್’ ಬಿಲ್ಲಿ ಐಲಿಶ್ ಅವರ ಹಾಡಿಗೆ, ‘ರೆಕಾರ್ಡ್’ ಮೈಲಿ ಸೈರಸ್ ಅವರದ್ದಕ್ಕೆ ಹೋಯಿತು. ಆಲ್ಬಂ ಪ್ರಶಸ್ತಿಯಲ್ಲಿ ಪಾಲು ಬೇಕೆಂದರೆ 2024ರಿಂದ ಆಲ್ಬಂನ ಒಟ್ಟು ಅವಧಿಯ ಕನಿಷ್ಠ ಶೇ 20ರಲ್ಲಿ ಕೆಲಸ ಮಾಡಿರಬೇಕು. 40 ನಿಮಿಷದ ಪಾಪ್ ಆಲ್ಬಂ ಎಂದರೆ 8 ನಿಮಿಷ, ಎರಡು ಮೂರು ಹಾಡು. ಅದಕ್ಕೂ ಹಿಂದಿನ ಎರಡು ವರ್ಷ ಒಂದೇ ಹಾಡಿನಲ್ಲಿ ನಾಲ್ಕು ಸಾಲು ಬರೆದವರೂ ವರ್ಷದ ಆಲ್ಬಂ ವಿಜೇತರಾಗುತ್ತಿದ್ದರು. ಈ ತಿದ್ದುಪಡಿ ನ್ಯಾಯವಾದದ್ದು. 2023ರಲ್ಲಿ ಬಂದ ಎಐ ನಿಯಮವೂ ಸ್ಪಷ್ಟವಾಗಿದೆ: ಪ್ರಶಸ್ತಿ ಮನುಷ್ಯರಿಗೆ ಮಾತ್ರ, ಮನುಷ್ಯರ ಪಾಲು ಹೆಸರಿಗಷ್ಟೇ ಇದ್ದರೆ ಸಾಲದು.

ನೋಡುವವರಿಗೆ ಒಂದು ಸೂಚನೆ. ಟಿವಿಯಲ್ಲಿ ಕಾಣುವ ಮುಖ್ಯ ಸಮಾರಂಭ ಲಾಸ್ ಏಂಜಲೀಸ್‌ನಲ್ಲಿ ಭಾನುವಾರ ಸಂಜೆ 5ಕ್ಕೆ, ನಮಗದು ಸೋಮವಾರ ಬೆಳಿಗ್ಗೆ 6.30. ಅಲ್ಲಿ ಕೊಡುವುದು ಬೆರಳೆಣಿಕೆಯ ಪ್ರಶಸ್ತಿಗಳನ್ನು. ಉಳಿದವನ್ನೆಲ್ಲ ಅದಕ್ಕೂ ಮೊದಲು ಮಧ್ಯಾಹ್ನದ ಪ್ರೀಮಿಯರ್ ಸೆರೆಮನಿಯಲ್ಲಿ ಕೊಡುತ್ತಾರೆ, ಯೂಟ್ಯೂಬ್‌ನಲ್ಲಿ ನೇರ ಪ್ರಸಾರವಿರುತ್ತದೆ. 2025ರಲ್ಲಿ ಅದು ಅಲ್ಲಿಯ 12.30ಕ್ಕೆ, ಅಂದರೆ ನಮ್ಮ ಗಡಿಯಾರದಲ್ಲಿ ರಾತ್ರಿ 2ಕ್ಕೆ ಶುರುವಾಯಿತು. ನ್ಯೂ ಏಜ್, ಗ್ಲೋಬಲ್ ಮ್ಯೂಸಿಕ್ ಸೇರಿ ನಮ್ಮವರ ಹೆಸರು ಬರುವ ವಿಭಾಗಗಳು ಅಲ್ಲೇ ಘೋಷಣೆಯಾಗುತ್ತವೆ. ಬೆಳಿಗ್ಗೆ ಎದ್ದು ಟಿವಿ ಹಾಕುವ ಹೊತ್ತಿಗೆ ಅವು ಮುಗಿದಿರುತ್ತವೆ. ಅಲಾರಂ ಇಡುವುದಾದರೆ ಎರಡಕ್ಕೇ ಇಡಿ.